ಹೊಳೆ ಇಳಿಸಿದ ಹೊರೆ

ಒಂದಾನೊಂದು ಕಾಲದಲ್ಲಿ, ಈ ಹೊಳೆ ಇನ್ನೂ ಬಳುಕೋದು ಕಲೀತಿದ್ದಾಗ, ಅದು ತಿರುಗೋ ಕಡೆ ದ್ಯಾಮಣ್ಣ, ಭರಮಣ್ಣ ಅಂತ ಇಬ್ಬರು ಅಣ್ಣತಮ್ಮ, ಅವರಿಗೊಬ್ಬಳು ತಂಗಿ ಬೊಮ್ಮಿ ಅಂತ ಇದ್ರಂತೆ. ಅಪ್ಪ ಸತ್ತ ಮೇಲೆ ಪಾಲು ಮಾಡ್ಕೊಂಡ್ರಂತೆ. ಆಚೆ ದಡದ ಕರಿಮಣ್ಣಿನ ಹೊಲ ಅಣ್ಣಂದಿರಿಗೆ, ಈಚೆ ಒಳಸುತ್ತಿನ ಕಲ್ಲುದಿಣ್ಣೆ ಬೊಮ್ಮಿಗೆ. ಮೂರು ಮಳೆಗಾಲದೊಳಗೆ ಅದರಲ್ಲಿ ಒಂದು ಮೊರ ರಾಗಿ ಬೆಳೆದು ತೋರ್ಸು ತಾಯಿ, ಆಗದಿದ್ರೆ ಅದೂ ನಮಗೇ, ನೀನು ನಮ್ಮ ಕೊಟ್ಟಿಗೆ ಬಾಚ್ಕೊಂಡಿರು ಅಂದ್ರಂತೆ.

ಬೊಮ್ಮಿಗೆ ಮಾತು ಕಮ್ಮಿ, ನೋಟ ಜಾಸ್ತಿ. ದಿಣ್ಣೆ ಹಿಂದಿದ್ದ ಎತ್ತರದ ದಿಬ್ಬದ ಮೇಲೆ ಗುಡಿಸಲು ಹಾಕ್ಕೊಂಡು, ಜೊಂಡಿನ ಚಾಪೆ ಹೆಣೀತಾ ನೀರನ್ನೇ ನೋಡ್ತಿದ್ದಳಂತೆ. ಆಚೆ ದಡದಲ್ಲಿ ಹೊಳೆ ಓಡುತ್ತೆ, ನನ್ನ ಕಡೆ ಕಾಲೆಳೀತಾ ನಡೆಯುತ್ತೆ. ಓಡೋರು ಕೈಗೆ ಸಿಕ್ಕಿದ್ದು ಕಿತ್ಕೊಂಡು ಹೋಗ್ತಾರೆ, ಸುಸ್ತಾದೋರು ತಲೆಹೊರೆ ಇಳಿಸ್ತಾರೆ ಅಂದ್ಕೊಂಡಳಂತೆ.

ಆಮೇಲೆ ಮೊದಲನೇ ಮಳೆ ಬಂತು. ಹೊಳೆ ಇಳಿದಾಗ ನೋಡ್ತಾಳೆ, ದಿಣ್ಣೆ ತುಂಬ ಬರೀ ನುಣ್ಣನೆ ಗುಂಡುಕಲ್ಲು. ಏನೇ ಬೊಮ್ಮಿ, ಇವತ್ತು ಕಲ್ಲಿನ ಸಾರಾ? ಅಂತ ದ್ಯಾಮಣ್ಣ ಆಚೆಯಿಂದ ಕೂಗಿದನಂತೆ. ತನ್ನ ಬೇಲಿ ಹೊಳೆಗೆ ಬಿದ್ದಿದ್ದು ಅವನಿಗೆ ಕಾಣಲೇ ಇಲ್ಲವಂತೆ. ಆಮೇಲೆ ಎರಡನೇ ಮಳೆ. ಈ ಸಲ ಕಲ್ಲಿನ ಮೇಲೆ ಮಂಡಿಯುದ್ದ ಮರಳು. ಬೊಮ್ಮಿ ರಾಗಿ ಚೆಲ್ಲಿದಳು, ಒಣಗಿಹೋಯ್ತು. ಅವತ್ತು ಅತ್ತಳಂತೆ. ಅತ್ತು, ಮುಖ ತೊಳ್ಕೊಂಡು, ಮರಳಂಚಿಗೆ ಸಾಲಾಗಿ ಜೊಂಡು ನೆಟ್ಟಳಂತೆ, ಹೊಳೆ ಇನ್ನೂ ಮೆಲ್ಲಗೆ ನಡೀಲಿ ಅಂತ. ಹೂಂ ಅನ್ನು ಮಗಾ, ನಿದ್ದೆ ಬಂತಾ?

ಆಮೇಲೆ ಮೂರನೇ ಮಳೆ ಏಳು ದಿನ ಬಿಡದೆ ಹುಯ್ತಂತೆ. ಆಚೆ ದಡ ದೊಪ್ಪ ದೊಪ್ಪ ಅಂತ ಕುಸೀತು, ಅಣ್ಣಂದಿರ ಅರ್ಧ ಹೊಲ ಹೊಳೆ ಪಾಲಾಯ್ತು. ಈಚೆ ನೀರಿಳಿದಾಗ ನೋಡಿದ್ರೆ, ಜೊಂಡಿನ ಬುಡದಲ್ಲೆಲ್ಲ ಬೆಣ್ಣೆಯಂಥ ಮೆಕ್ಕಲು ಮಣ್ಣು! ಬೊಮ್ಮಿ ಅದರಲ್ಲಿ ರಾಗಿ ಎರಚಿದಳಂತೆ. ಅಣ್ಣಂದಿರು ಕೇಳಿದ್ದು ಒಂದು ಮೊರ, ಬಂದಿದ್ದು ಕಣದ ತುಂಬ.

ಅವರು ತೆಪ್ಪದಲ್ಲಿ ದಾಟಿ ಬಂದು ತಲೆ ತಗ್ಗಿಸಿ ನಿಂತ್ರಂತೆ. ಕೂಲಿಗಾದ್ರೂ ಇಟ್ಕೊಳ್ಳವ್ವಾ ಅಂದನಂತೆ ಭರಮಣ್ಣ. ಬೊಮ್ಮಿ ನಕ್ಕಳಂತೆ. ಕೂಲಿ ಯಾಕಣ್ಣ? ಇದರಲ್ಲಿ ಗುಡ್ಡದ ಮಣ್ಣಿದೆ, ಮೇಲಿನ ಊರೋರ ಮಣ್ಣಿದೆ, ನಿನ್ನ ಮಣ್ಣೂ ಇದ್ದೀತು. ನಾನೇನು ಬುಟ್ಟೀಲಿ ಹೊತ್ತು ತಂದ್ನಾ? ಎತ್ತು ದಾಟಿಸ್ಕೊಂಡು ಬನ್ನಿ, ಉಳೋಣ ಅಂದಳಂತೆ.

ಆಮೇಲಿಂದ ಹೊಳೆ ವರ್ಷಕ್ಕೊಂದು ಗೇಣು ಸರೀತಾನೇ ಹೋಯ್ತಂತೆ, ಇವರು ಮೂವರೂ ಅದರ ಹಿಂದೆ ಒಂದೊಂದು ಗೇಣು ಉಳ್ತಾನೇ ಹೋದ್ರಂತೆ. ಅವರಲ್ಲಿ ಸುಖವಾಗಿ ಉಂಡ್ರು, ನೀನಿಲ್ಲಿ ಸುಖವಾಗಿ ಮಲಗು. ಕತೆ ದಡ ಸೇರ್ತು, ಮುಗೀತು.