ರಾಗಿ ದಿಂಬಿನ ಸಣ್ಣೀರಮ್ಮ

ತುಂಬಾ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ಕೇಳಿದರೆ ನಾನು ಏನೋ ಒಂದು ಹೇಳಿಬಿಡುತ್ತೇನೆ, ಆಮೇಲೆ ನೀವು ಅದನ್ನು ನಂಬಿಬಿಡುತ್ತೀರಿ. ಒಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಕೋಟೆಯ ಬುಡದಲ್ಲಿ ಒಂದು ಊರು. ಊರಿನ ಹೆಸರು ನನಗೆ ಗೊತ್ತು. ಆದರೆ ಬಾಯಿಬಿಟ್ಟರೆ ಸುತ್ತಲಿನ ಊರಿನವರೆಲ್ಲ ‘ಸಣ್ಣೀರಮ್ಮ ನಮ್ಮೋಳು’ ಅಂತ ದೊಣ್ಣೆ ಹಿಡಿದು ಬರುತ್ತಾರೆ. ಅದಕ್ಕೇ ಸುಮ್ಮನೆ ಕೋಟೆಯೂರು ಅಂದುಕೊಳ್ಳೋಣ.

ಆ ಊರಿನ ಗಂಡಸರಿಗೆಲ್ಲ ಕೋಟೆ ಕಾಯುವ ಕೆಲಸವಂತೆ. ಸಂಬಳ ಅಂತ ಕಾಸು ಕೊಡುವ ಪದ್ಧತಿ ಇರಲಿಲ್ಲವಂತೆ. ಹುಣ್ಣಿಮೆಯ ಮಾರನೇ ದಿನ ಉಗ್ರಾಣದ ಬಾಗಿಲು ತೆರೆದು ಮನೆಮನೆಗೂ ತಿಂಗಳ ಪಡಿ ಅಳೆದು ಕೊಡುತ್ತಿದ್ದರಂತೆ. ರಾಗಿ, ಹುರುಳಿ, ಉಪ್ಪು, ಒಂದಿಷ್ಟು ಒಣಮೆಣಸಿನಕಾಯಿ, ಹುಣಿಸೆಹಣ್ಣು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರಲಿ, ಹೊರಸಿನ ಕೆಳಗೆಲ್ಲ ಮಕ್ಕಳು ಉರುಳಾಡುತ್ತಿರಲಿ, ಪಡಿ ಒಂದೇ. ಮಕ್ಕಳು ಹುಟ್ಟಿದ ಸುದ್ದಿ ಬೆಟ್ಟ ಹತ್ತಿ ಉಗ್ರಾಣದವರೆಗೆ ಹೋಗುತ್ತಲೇ ಇರಲಿಲ್ಲವಂತೆ.

ಹಾಗಾಗಿ ಪಡಿ ಬಂದ ವಾರ ಊರೆಲ್ಲ ಘಮಘಮ. ಆ ವಾರ ಎಲ್ಲರೂ ಧಾರಾಳಿಗಳೇ. ಬೀದಿಯಲ್ಲಿ ಹೋಗುವವರನ್ನು ಕೈಹಿಡಿದು ಎಳೆದು ಊಟಕ್ಕೆ ಕೂರಿಸುತ್ತಿದ್ದರಂತೆ. ಹುಣ್ಣಿಮೆ ಹತ್ತಿರ ಬರುತ್ತಾ ಬರುತ್ತಾ ಮೇಲೆ ಚಂದ್ರ ತುಂಬುತ್ತಿದ್ದ, ಕೆಳಗೆ ರಾಗಿ ತುಂಬಿಡುವ ಮಣ್ಣಿನ ಗುಡಾಣ ಬರಿದಾಗುತ್ತಿತ್ತು. ಆಗ ಅದೇ ಜನ ಬೀದಿಯಲ್ಲಿ ನೆಂಟರನ್ನು ಕಂಡರೆ ಬಾಗಿಲು ಮುಂದೆ ಮಾಡಿ, ಒಳಗಿಂದಲೇ ‘ಮನೇಲಿ ಯಾರೂ ಇಲ್ಲ’ ಅನ್ನುತ್ತಿದ್ದರಂತೆ.

ಇದರಿಂದ ಅಲ್ಲಿ ಒಂದು ವಿಚಿತ್ರ ಪದ್ಧತಿ ಬಂತು. ಹೆಣ್ಣು ನೋಡುವವರು ಪಡಿ ಬಂದ ವಾರ ಬರುತ್ತಿರಲಿಲ್ಲ. ತಿಂಗಳ ತಳದಲ್ಲಿ, ಹುಣ್ಣಿಮೆಯ ಮುಂಚಿನ ದಿನಗಳಲ್ಲೇ ಬರುತ್ತಿದ್ದರು. ಆ ಹೊತ್ತಿನಲ್ಲೂ ಒಲೆ ಉರಿಯುವ ಮನೆಯಾದರೆ ಹೆಣ್ಣು ತರಬಹುದು, ಇಲ್ಲವಾದರೆ ನೀರು ಕುಡಿದು ಎದ್ದು ಹೋಗುವುದು. ಹೆಣ್ಣಿನ ಕಡೆಯವರೇನು ಕಡಿಮೆಯೇ? ಗುಡಾಣದ ತುಂಬ ಹೊಟ್ಟು ತುಂಬಿ ಮೇಲೆ ಒಂದು ಪದರ ರಾಗಿ ಹರಡಿ ಇಡುತ್ತಿದ್ದರು. ಗಂಡಿನ ತಾಯಂದಿರೇನು ಕಡಿಮೆಯೇ? ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಗುಡಾಣದೊಳಕ್ಕೆ ಮೊಣಕೈವರೆಗೂ ಕೈ ಇಳಿಸಿ ನೋಡುತ್ತಿದ್ದರು. ಆ ಕಡೆಯ ಬೀಗಿತಿಯರಿಗೆಲ್ಲ ಬಲಗೈ ಎಡಗೈಗಿಂತ ಒಂದು ಗೇಣು ಉದ್ದ ಇತ್ತಂತೆ. ನಾನು ಕಂಡಿಲ್ಲ, ಅನ್ನುತ್ತಾರೆ.

ಇಂಥ ಊರಿನಲ್ಲಿ ಕೋಟೆಬಾಗಿಲು ಕಾಯುವ ಹಲಗಯ್ಯನ ಹೆಂಡತಿ ಸಣ್ಣೀರಮ್ಮ. ಮನೆ ತುಂಬ ಮಕ್ಕಳು. ಮದುವೆಗೆ ಬಂದ ನಾದಿನಿ ಹೊಂಬಾಳೆ. ಮೇಲೆ ಅತ್ತೆ ದೊಡ್ಡತಾಯಮ್ಮ.

ಈ ಅತ್ತೆ ಕೆಟ್ಟವಳಲ್ಲ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಸೊಸೆ ಜಗಳವಾಡಿ ಹಗುರಾಗುತ್ತಿದ್ದಳು. ದೊಡ್ಡತಾಯಮ್ಮನದು ಕೊಡುವ ಕೈಯಂತೆ. ಬಾಗಿಲಿಗೆ ದಾಸಯ್ಯ ಬಂದರೆ ಒಂದು ಮೊರ ರಾಗಿ, ಕೋಲೆಬಸವನನ್ನು ಆಡಿಸುವವನು ಬಂದರೆ ಅವನಿಗೊಂದು ಮೊರ, ಬಸವನಿಗೊಂದು ಮೊರ. ಯಾರೂ ಬರದ ದಿನ ಜಗಲಿಗೆ ಬಂದು ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದಳಂತೆ. ಸಣ್ಣೀರಮ್ಮ ಅಡುಗೆಗೆ ರಾಗಿ ತೆಗೆಯುವಾಗಲೆಲ್ಲ ಒಂದು ಹಿಡಿ ಎತ್ತಿಡುತ್ತಿದ್ದಳು. ಎತ್ತಿಟ್ಟದ್ದು ಅಟ್ಟದ ಮೇಲಿದ್ದರೂ, ಒರಳಿನ ಹಿಂದಿದ್ದರೂ ಅತ್ತೆಯ ಕೈಗೆ ಸಿಗುತ್ತಿತ್ತು, ಸಿಕ್ಕಿದ್ದು ಬೀದಿಗೆ ಹೋಗುತ್ತಿತ್ತು.

ಹೀಗಾಗಿ ಹೊಂಬಾಳೆಯನ್ನು ನೋಡಲು ಬಂದ ಎರಡು ಮನೆಯವರು ಗುಡಾಣಕ್ಕೆ ಕೈ ಹಾಕಿ, ಬರಿಗೈ ಒರೆಸಿಕೊಂಡು ಎದ್ದು ಹೋಗಿದ್ದರು. ಮೂರನೆಯದಾಗಿ ಹೊಳೆಯಾಚೆಯ ಚನ್ನಿಗಮ್ಮ ಮಗನಿಗೆ ಹೆಣ್ಣು ನೋಡಲು ಬರುವ ಹುಣ್ಣಿಮೆಯ ಮುಂಚೆ ಬರುತ್ತೇನೆಂದು ಹೇಳಿಕಳಿಸಿದಳು. ಇದೂ ತಪ್ಪಿದರೆ ಆ ಹುಡುಗಿಯನ್ನು ಇನ್ನು ಯಾರೂ ಕೇಳುವುದಿಲ್ಲ ಅಂತ ಊರೇ ಮಾತಾಡಿತು. ಹೊಂಬಾಳೆ ಬೀಸುವ ಕಲ್ಲಿನ ಮುಂದೆ ಕೂತಾಗ ಹಾಡುವುದನ್ನು ನಿಲ್ಲಿಸಿದಳು, ಅಷ್ಟೇ.

ಆಗ ಸಣ್ಣೀರಮ್ಮನಿಗೆ ಒಂದು ಉಪಾಯ ಹೊಳೆಯಿತಂತೆ. ಎಳೆಗೂಸಿನ ತಲೆ ದುಂಡಗಾಗಲಿ ಅಂತ ರಾಗಿ ದಿಂಬು ಮಾಡುತ್ತಾರಲ್ಲ, ಹಾಗೇ ದಪ್ಪ ಬಟ್ಟೆಯ ಒಂದು ದೊಡ್ಡ ದಿಂಬು ಹೊಲಿದಳು. ದಿನಾ ಎತ್ತಿಟ್ಟ ಹಿಡಿರಾಗಿಯನ್ನು ಅದರೊಳಕ್ಕೆ ಸುರಿದು ಮತ್ತೆ ಹೊಲಿದಳು. ಅದನ್ನು ತೆಗೆದುಕೊಂಡು ಹೋಗಿ ಅತ್ತೆಯ ತಲೆಯ ಕೆಳಗೇ ಇಟ್ಟಳು. ಮನೆಯಲ್ಲಿ ಏನೇನು ಕೊಟ್ಟರೂ ತನ್ನ ತಲೆದಿಂಬು ಯಾರು ಕೊಡುತ್ತಾರೆ ಹೇಳಿ?

“ಇದೇನವ್ವ, ಕಲ್ಲು ತುಂಬಿದ್ದೀಯಾ?” ಅಂದಳಂತೆ ಅತ್ತೆ.

“ಕತ್ತುನೋವಿಗೆ ಒಳ್ಳೇದು ಅತ್ತೆಮ್ಮ.”

ತಮಾಷೆ ಏನಂದರೆ ಅತ್ತೆಯ ಕತ್ತುನೋವು ನಿಜವಾಗಿಯೂ ಹೋಯಿತಂತೆ. ದಿಂಬು ದಿನೇದಿನೇ ಎತ್ತರವಾಗುವುದನ್ನು ಕಂಡು ಮುದುಕಿ, ಇದು ಬೆಳೆಯುವ ದಿಂಬು ಅಂತ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದಳಂತೆ.

ತಿಂಗಳು ತಳ ಮುಟ್ಟಿತು. ಗುಡಾಣದಲ್ಲಿ ಮಕ್ಕಳ ಅಂಬಲಿಗಷ್ಟೇ ರಾಗಿ. ಸಣ್ಣೀರಮ್ಮನಿಗೆ ಚಿಂತೆಯಿಲ್ಲ, ದಿಂಬಿದೆ. ಚನ್ನಿಗಮ್ಮ ಬರುವುದಕ್ಕೆ ಎರಡು ದಿನ ಇದೆ ಅನ್ನುವಾಗ ಕೆರೆಯಿಂದ ನೀರು ಹೊತ್ತು ತಂದು ಇಳಿಸುತ್ತಾಳೆ, ಅತ್ತೆಯ ಚಾಪೆಯ ಮೇಲೆ ದಿಂಬಿಲ್ಲ.

“ಅತ್ತೆಮ್ಮ, ದಿಂಬೆಲ್ಲಿ?”

“ಬಳೆಗಾರ್ತಿ ಸಾಕಿಗೆ ಕೊಟ್ಟೆ ಕಣವ್ವ. ಪಾಪ, ಬಳೆ ಮಲಾರ ಹೊತ್ತೂ ಹೊತ್ತೂ ಕತ್ತು ಹಿಡ್ಕೊಂಡಿದೆ. ಪಕ್ಕಕ್ಕೆ ನೋಡ್ಬೇಕಂದ್ರೆ ಗಾಡಿ ತಿರುಗಿಸ್ದಂಗೆ ಇಡೀ ಮೈ ತಿರುಗಿಸ್ತಾಳೆ.”

“ಯಾವ ಕಡೆ ಹೋದ್ಳು?”

“ಕತ್ತು ತಿರುಗಿದ ಕಡೆ.”

ಸಣ್ಣೀರಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ದಿಂಬಿನೊಳಗೆ ಇದ್ದದ್ದೇನು ಅಂತ ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಮುದುಕಿ ಆ ಬಿಸಿಲಿನಲ್ಲೇ ಬಳೆಗಾರ್ತಿಯನ್ನು ಹುಡುಕಿಕೊಂಡು ಹೊರಡುತ್ತಿದ್ದಳು. ನಾದಿನಿಗೆ ಮಾತ್ರ ಹೇಳಿದಳು. ಹೊಂಬಾಳೆ, “ಬರಬೇಡಿ ಅಂತ ಹೇಳಿಕಳ್ಸು ಅತ್ತಿಗೆ. ಬಂದು ನೋಡಿ ಹೋಗೋದಕ್ಕಿಂತ ಬರದೆ ಇರೋದೇ ವಾಸಿ” ಅಂದಳಂತೆ.

ಪಕ್ಕದ ಮನೆಯ ನಿಂಗಕ್ಕ ಗೋಡೆಯ ಮೇಲಿಂದ ಇಣುಕಿ, ಒಂದು ಮೂಟೆ ಹೊಟ್ಟು ಕೊಡುತ್ತೇನೆ, ತುಂಬಿಕೊ ಅಂದಳಂತೆ. ಸಣ್ಣೀರಮ್ಮ ಬೇಡ ಅಂದಳು. ಚನ್ನಿಗಮ್ಮನ ಕೈ ಹೊಟ್ಟನ್ನೂ ದಾಟಿ ಗುಡಾಣವನ್ನೂ ದಾಟಿ ನೆಲದೊಳಕ್ಕೆ ಹೋಗುವಂಥದ್ದು ಅಂತ ಅವಳಿಗೆ ಗೊತ್ತಿತ್ತು. ತಳದ ರಾಗಿಯನ್ನು ಮಕ್ಕಳಿಗೆ ಅಂಬಲಿ ಕಾಸಿ ಮುಗಿಸಿ, ಗುಡಾಣವನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದಳು. ಇರುವುದು ಇಷ್ಟು, ನೋಡುವವರು ನೋಡಲಿ ಅಂತ.

ಹೇಳಿದ ದಿನ ಬಂತು. ಮಕ್ಕಳನ್ನು ಬದುವಿಗೆ ಅಟ್ಟಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆಸೊಪ್ಪು ಅಂತ ಕೈಗೆ ಸಿಕ್ಕಿದ್ದೆಲ್ಲ ತರಿಸಿದಳು. ಉಳಿದಿದ್ದ ಹುರುಳಿಯನ್ನು ಸೊಪ್ಪಿನ ಜೊತೆ ಬೇಯಿಸಿ, ಕಟ್ಟು ಬಸಿದು, ಮೆಣಸಿನಕಾಯಿ ಸುಟ್ಟು ಅರೆದು ಬಸ್ಸಾರು ಕುದಿಸಿದಳು. ಬಸಿದ ಸೊಪ್ಪಿಗೆ ಉಪ್ಪು ಹಾಕಿ ಪಲ್ಯ ಮಾಡಿದಳು. ಆ ಸಾರಿನ ವಾಸನೆಗೆ ಬೆಟ್ಟದ ಮೇಲಿನ ಕಾವಲುಗಾರರು ಒಬ್ಬೊಬ್ಬರೇ ಕೋಟೆಗೋಡೆಯ ಈ ಬದಿಗೆ ಬಂದು ನಿಂತರಂತೆ. ಹುಲಿಯೂ ಬಂದು ನಿಂತಿತ್ತು. ಹುಲಿಯನ್ನು ನಾನು ಸೇರಿಸಿದ್ದು, ಕಾವಲುಗಾರರು ನಿಜ. ಸಾರಾಯಿತು, ಪಲ್ಯವಾಯಿತು, ಮುದ್ದೆ ಮಾತ್ರ ಇಲ್ಲ. ಮುದ್ದೆಯಿಲ್ಲದೆ ಬೀಗರಿಗೆ ಬರೀ ಸಾರು ಬಡಿಸುವುದು ಹೇಗೆ?

ಅಷ್ಟರಲ್ಲಿ ಚನ್ನಿಗಮ್ಮ ಬಂದಳು. ಜೊತೆಗೆ ಅವಳ ಮಗ, ಅವಳ ತಮ್ಮ. ಅವಳ ಕಂಕುಳಲ್ಲಿ ಸೀರೆಯ ಸೆರಗು ಮುಚ್ಚಿದ ಒಂದು ಗಂಟು. ಅಂಗಳದಲ್ಲಿ ಬೋರಲು ಬಿದ್ದ ಗುಡಾಣವನ್ನು ದಾಟಿಕೊಂಡು ಬಂದರೂ ಅವಳು ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ಜಗಲಿಯ ಮೇಲೆ ಕೂತು, ನಗುನಗುತ್ತಾ ಗಂಟನ್ನು ಮುಂದೆ ಇಟ್ಟಳು. ನೋಡಿದರೆ ದಿಂಬು.

ಆಗಿದ್ದಿಷ್ಟು. ಬಳೆಗಾರ್ತಿ ಸಾಕಿ ಹೊಳೆ ದಾಟಿ ಹೋಗಿ ಇವಳ ಜಗಲಿಯಲ್ಲೇ ಮಲಗಿದ್ದಳು. ಚನ್ನಿಗಮ್ಮ ದಿಂಬನ್ನು ಮುಟ್ಟಿದಳು. ಆ ಕೈಗೆ ಬಟ್ಟೆಯ ಮೇಲಿಂದಲೇ ಕಾಳು ತಿಳಿಯುತ್ತದೆ. ಯಾರ ಮನೆಯದು ಅಂತ ಕೇಳಿದಳು, ಹಲಗಯ್ಯನ ಮನೆಯದು ಅಂತ ತಿಳಿಯಿತು. ಬರುತ್ತೇನೆಂದು ಹೇಳಿಕಳಿಸಿದ್ದರೂ ಅಲ್ಲಿಯವರೆಗೆ ಅವಳಿಗೆ ಇಲ್ಲಿಗೆ ಬರುವ ಮನಸ್ಸೇ ಉಳಿದಿರಲಿಲ್ಲವಂತೆ. ಎರಡು ಮನೆಯವರು ಬರಿಗೈಯಲ್ಲಿ ಹೋದ ಸುದ್ದಿ ಹೊಳೆ ದಾಟಿತ್ತು. ದಿಂಬು ಕಂಡದ್ದೇ ತಡ, ಸಾಕಿಗೆ ಎರಡು ಬೂರುಗದ ಹತ್ತಿಯ ದಿಂಬು ಕೊಟ್ಟು ಇದನ್ನು ಕಸಿದುಕೊಂಡು ಹೊರಟಳು.

“ತಲೆದಿಂಬಿಗೆ ರಾಗಿ ತುಂಬೋರು ಗುಡಾಣಕ್ಕೆ ಏನು ತುಂಬ್ತೀರವ್ವ, ಮುತ್ತಾ? ಬಳೆಗಾರ್ತಿಗೆ ಹಿಂಗೆ ಎತ್ತಿ ಕೊಡೋರು ಹೆಣ್ಣಿಗೆ ಏನೇನು ಕೊಟ್ಟೀರಿ ಅಂತ ಇವನು ದಾರಿಯುದ್ದಕ್ಕೂ ಲೆಕ್ಕ ಹಾಕ್ತಾ ಬಂದ” ಅಂತ ತಮ್ಮನನ್ನು ತೋರಿಸಿದಳಂತೆ.

ಈಗ ಯೋಚನೆ ಮಾಡಿ. ಸಣ್ಣೀರಮ್ಮ ಸುಮ್ಮನೆ ನಕ್ಕಿದ್ದರೆ ಸಾಕಿತ್ತು, ಮದುವೆ ಆದ ಹಾಗೇ. ನಾನಾಗಿದ್ದರೆ ನಗುತ್ತಿದ್ದೆ, ಒಳಗೆ ಇನ್ನೂ ಹತ್ತು ದಿಂಬು, ಒಂದು ಹಾಸಿಗೆ ಇದೆ ಅಂತಲೂ ಹೇಳುತ್ತಿದ್ದೆ. ಅವಳು ಬಾಗಿಲ ಹಿಂದೆ ನಿಂತ ಹೊಂಬಾಳೆಯ ಮುಖ ನೋಡಿದಳು. ಆಮೇಲೆ ಕುಡುಗೋಲು ತಂದು, ಎಲ್ಲರ ಎದುರಿಗೇ ದಿಂಬಿನ ಹೊಲಿಗೆ ಕೊಯ್ದು, ರಾಗಿಯನ್ನು ಮೊರಕ್ಕೆ ಸುರಿದಳು. “ಸ್ವಲ್ಪ ಕೂತಿರಿ, ಮುದ್ದೆ ಆಗುತ್ತೆ” ಅಂದಳು.

ರಾಗಿ ಕೇರಿದಳು. ಹೊಂಬಾಳೆ ಬೀಸಲು ಕೂತಳು. ಕಲ್ಲು ಗುರುಗುಟ್ಟುವ ಸದ್ದು ಕೇಳುತ್ತಾ ಕೇಳುತ್ತಾ ಚನ್ನಿಗಮ್ಮನ ನಗು ಮೆಲ್ಲಗೆ ಕಡಿಮೆಯಾಯಿತು. ಎದ್ದು ಅಂಗಳಕ್ಕೆ ಹೋದಳು. ಬೋರಲು ಬಿದ್ದ ಗುಡಾಣವನ್ನು ಓರೆ ಮಾಡಿ ಆ ಉದ್ದನೆಯ ಕೈ ಒಳಗೆ ಹಾಕಿದಳು. ಒಂದು ಜಿರಲೆ ಅವಳ ಕೈಮೇಲೆ ಹತ್ತಿ ಬಂತಂತೆ, ಅಷ್ಟೇ. ಕೈ ಕೊಡವಿಕೊಂಡು ವಾಪಸು ಬಂದು ಕೂತಳು. ತಮ್ಮ ಲೆಕ್ಕ ಹಾಕುವುದನ್ನು ಬಿಟ್ಟ.

ದೊಡ್ಡತಾಯಮ್ಮನಿಗೂ ಆಗಲೇ ತಿಳಿದದ್ದು. “ಹಂಗಾದ್ರೆ ನಾನು ಕೊಟ್ಟಿದ್ದು ಇವತ್ತಿನ ಊಟಾನಾ?” ಅಂತ ಕೇಳಿ ಗೋಡೆಯ ಕಡೆ ತಿರುಗಿ ಕೂತಳಂತೆ.

ಬಿಸಿ ಮುದ್ದೆ ಬಂತು, ಬಸ್ಸಾರು ಬಂತು. ಚನ್ನಿಗಮ್ಮ ಒಂದು ಮುದ್ದೆ ತಿಂದಳು. ಇನ್ನೊಂದು ಹಾಕಿಸಿಕೊಂಡಳು. ಬಾಗಿಲ ಹಿಂದೆ ಹೊಂಬಾಳೆ ಬಳೆ ಸದ್ದಾಗದ ಹಾಗೆ ಕೈ ಹಿಡಿದುಕೊಂಡು ನಿಂತಿದ್ದಳು. ಎರಡನೇ ಮುದ್ದೆ ಮುಗಿಸಿ ಚನ್ನಿಗಮ್ಮ ಕೇಳಿದಳಂತೆ, “ಎತ್ತಿಡ್ತಿದ್ದಿದ್ದು ಯಾರು?”

“ನಾನಲ್ಲ. ನನಗೆ ಮಕ್ಕಳು ಅತ್ರೆ ಕೈ ಸಡಿಲ. ಹೊಂಬಾಳೆನೇ ದಿನಾ ಎತ್ತಿಟ್ಟಿದ್ದು, ನಾನು ಬರೀ ಹೊಲಿದೆ” ಅಂದಳಂತೆ ಸಣ್ಣೀರಮ್ಮ. ಇದು ನಿಜವೋ ಸುಳ್ಳೋ ಅಂತ ಕೋಟೆಯೂರಿನವರು ಇವತ್ತಿಗೂ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ, ಕೇಳಿದವರ ಮುಖ ನೋಡಿ ಹೇಳುತ್ತೇನೆ.

ಚನ್ನಿಗಮ್ಮ ಕೈ ನೆಕ್ಕಿಕೊಂಡು ಎಲ್ಲರ ಕಡೆ ತಿರುಗಿದಳು. “ನಮ್ಮನೇಲಿ ಎರಡು ಗುಡಾಣ ತುಂಬಾ ರಾಗಿ ಬರುತ್ತೆ. ಹುಣ್ಣಿಮೆಗೆ ಮುಂಚೆ ಎರಡೂ ಡಬಡಬ ಅಂತವೆ. ಮೂವರು ಸೊಸೇರು, ಮೂವರದೂ ಸುರಿಯೋ ಕೈ. ನನ್ನ ಕೈ ಇಷ್ಟುದ್ದ ಆಗಿದ್ದು ಬೇರೆಯವರ ಗುಡಾಣ ನೋಡಿ ಅಂದ್ಕೊಂಡ್ರಾ, ನಮ್ಮನೆ ಗುಡಾಣ ಕೆರೆದೂ ಕೆರೆದೂ. ಮುತ್ತಿನ ಮನೆ ಹೆಣ್ಣು ತಂದು ನಾನೇನು ಮಾಡ್ಲಿ? ಈ ಹುಡುಗೀನೇ ಸರಿ.” ಆಮೇಲೆ ಗೋಡೆಗೆ ಮುಖ ಮಾಡಿ ಕೂತ ದೊಡ್ಡತಾಯಮ್ಮನ ಬೆನ್ನು ತಟ್ಟಿ, “ಇತ್ಲಾಗೆ ತಿರುಗೆ ಬೀಗಿತಿ. ನೀನು ದಿಂಬು ಕೊಡದೆ ಇದ್ದಿದ್ರೆ ನಾನು ಹೊಳೆ ದಾಟ್ತಿದ್ನಾ?” ಅಂದಳಂತೆ.

ಮುದುಕಿ ತಿರುಗಿದಳು. ಬೀಗಿತಿಯರಿಬ್ಬರೂ ಒಂದೇ ತಟ್ಟೆಯಲ್ಲಿ ಇನ್ನೊಂದು ಮುದ್ದೆ ಮುರಿದರಂತೆ.

ಹುಣ್ಣಿಮೆ ಕಳೆಯಿತು, ಪಡಿ ಬಂತು. ಸಣ್ಣೀರಮ್ಮ ಮತ್ತೆ ದಿಂಬು ಹೊಲಿಯಲು ಕೂತಳು. ಈ ಸಲ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಳು. ಎಷ್ಟಗಲ ಅಂದರೆ ಅತ್ತೆಯ ಕೈ ಹೋಗಿ ಒಂದು ಹಿಡಿ ತೆಗೆದುಕೊಂಡು ಬರುವಷ್ಟು. ಮೊರ ಹೋಗುವಷ್ಟಲ್ಲ. ಅತ್ತೆ ಬಾಗಿಲಿಗೆ ಬಂದವರಿಗೆ ಅದರಿಂದಲೇ ಕೊಟ್ಟಳಂತೆ, ಸೊಸೆ ಅದಕ್ಕೇ ತುಂಬಿದಳಂತೆ, ಆಮೇಲೆ ಆ ಮನೆಯ ಒಲೆ ಯಾವ ಹುಣ್ಣಿಮೆಯ ಮುಂಚೆಯೂ ತಣ್ಣಗಾಗಲಿಲ್ಲವಂತೆ.

ಕೋಟೆ ಈಗ ಬಿದ್ದಿದೆ, ಪಡಿ ಹೋಗಿ ಸಂಬಳ ಬಂದಿದೆ, ಸಂಬಳಕ್ಕೂ ತಳ ಇದೆ. ಆ ಸೀಮೆಯಲ್ಲಿ ಈಗಲೂ ಗಂಡನ ಮನೆಗೆ ಹೊರಡುವ ಹುಡುಗಿಗೆ ಬಟ್ಟೆಬರೆ, ಪಾತ್ರೆಪಗಡದ ಜೊತೆ ಒಂದು ಖಾಲಿ ದಿಂಬಿನ ಚೀಲ ಕೊಟ್ಟು ಕಳಿಸುತ್ತಾರೆ. ಅವಳು ಅಲ್ಲಿ ದಿನಾ ಒಂದು ಹಿಡಿ ತುಂಬುತ್ತಾಳೆ. ಈಗ ರಾಗಿಯೇ ಆಗಬೇಕೆಂದಿಲ್ಲ, ಅಕ್ಕಿಯೂ ನಡೆಯುತ್ತದೆ. ಸಂಬಳದ ಹಿಂದಿನ ದಿನ ಅದನ್ನು ಬಿಚ್ಚಿ ಅಡುಗೆ ಮಾಡಿ, ಆ ಹೊತ್ತಿಗೆ ಯಾರು ಬಂದರೂ ಬಾಗಿಲು ಮುಂದೆ ಮಾಡದೆ ಕೂರಿಸಿ ಬಡಿಸುತ್ತಾರೆ. ಊಟವಾದ ಮೇಲೆ ಹೊಸ ದಿಂಬು ಹೊಲಿಯುತ್ತಾರೆ. ಸೂಜಿ ಕೊನೆಯ ಮೂಲೆಯ ಹತ್ತಿರ ಬಂದಾಗ ಸೊಸೆ ಹೊಲಿಗೆ ನಿಲ್ಲಿಸಿ ಅತ್ತೆಯನ್ನು ಕರೆಯುತ್ತಾಳೆ. ಅತ್ತೆ ಬಂದು ಆ ಸಂದಿನೊಳಗೆ ಕೈ ಹಾಕಿ, ಮುಷ್ಟಿ ಕಟ್ಟಿ, ಹೊರಗೆ ತೆಗೆದು, ಸರಿಯಾಗಿದೆ ಅಂದ ಮೇಲೆಯೇ ದಾರ ಕಡಿಯುವುದು.