ಹಿತ್ತಲಿಗೆ ತಕ್ಕ ತಳಿ

"ಗುರುಗಳೇ, ಜಪ, ಧ್ಯಾನ, ಸೇವೆ ಎಂದು ಹಲವು ದಾರಿಗಳಿವೆ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ನಾನು ಅದನ್ನೇ ಹಿಡಿಯಬೇಕೆಂದಿದ್ದೇನೆ" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅಲ್ಲಿ ಚಳಿ ಬೇಗ ಬರುತ್ತಿತ್ತು, ತಡವಾಗಿ ಹೋಗುತ್ತಿತ್ತು. ಬೆಳಗಾದರೆ ಹುಲ್ಲಿನ ಮೇಲೆ ಹಿಮ ಕೂತಿರುತ್ತಿತ್ತು. ರೈತನ ತಾಯಿಯ ಹಲ್ಲುಗಳು ಬಿದ್ದು ಹೋಗಿದ್ದವು. ಸಂತೆಯಿಂದ ತಂದ ಸ್ಟ್ರಾಬೆರಿಯೊಂದನ್ನು ಅವಳು ಬಾಯಲ್ಲಿ ಆಚೆ ಈಚೆ ಹೊರಳಿಸಿ, "ಇದು ಮೂಲಂಗಿಯ ತಮ್ಮ ಕಣಪ್ಪ. ನಮ್ಮ ಹಿತ್ತಲಲ್ಲೇ ಒಂದಿಷ್ಟು ಬೆಳೆಯಬಾರದೇ?" ಎಂದಳು.

ರೈತ ಸಸಿ ಮಾರುವವನ ಬಳಿ ಹೋಗಿ, ಇರುವುದರಲ್ಲೇ ದೊಡ್ಡ ಹಣ್ಣಿನ ತಳಿ ಕೇಳಿದ. ಪೇಟೆಯಲ್ಲಿ ಹೆಸರಾದ ತಳಿಯೇ ಸಿಕ್ಕಿತು. ಚಳಿ ಮುಗಿಯುವ ಮೊದಲೇ ಗಿಡಗಳು ಹೂ ಬಿಟ್ಟವು. ನೆರೆಯವರು ಬಂದು ನೋಡಿ ಹೊಗಳಿದರು. ಅದೇ ವಾರ ಹಿಮ ಸುರಿದು ಹೂಗಳ ನಡು ಕಪ್ಪಾಯಿತು. ಅಳಿದುಳಿದ ಹೂಗಳಲ್ಲಿ ನಾಲ್ಕಾರು ಹಣ್ಣಾದವು. ತಾಯಿ ಒಂದನ್ನು ಬಾಯಿಗಿಟ್ಟಳು, ಹಾಗೆಯೇ ಹೊರಗೆ ತೆಗೆದು ಮಗನ ಅಂಗೈಯಲ್ಲಿಟ್ಟಳು.

ರೈತ ಸಸಿಯವನ ಬಳಿ ಹೋಗಿ ದೂರಿದ.

"ನೀವು ಕೇಳಿದ್ದನ್ನು ಕೊಟ್ಟೆ" ಎಂದ ಅವನು. "ಅದು ಲಾರಿಯಲ್ಲಿ ಊರೂರು ಸುತ್ತುವ ಹಣ್ಣು, ಅದಕ್ಕೇ ಅಷ್ಟು ಗಟ್ಟಿ. ನಿಮ್ಮ ಹಣ್ಣು ಎಷ್ಟು ದೂರ ಹೋಗಬೇಕು?"

"ಹಿತ್ತಲಿನಿಂದ ನಮ್ಮ ಅವ್ವನ ಬಾಯಿಗೆ."

ಅವನು ನಕ್ಕು ಬೇರೆ ತಳಿ ಕೊಟ್ಟ. ಅದರ ಹಣ್ಣು ಚಿಕ್ಕದು, ಮೆತ್ತಗಿನದು. ಬೆಳಿಗ್ಗೆ ಕಿತ್ತರೆ ಸಂಜೆಯವರೆಗೆ ಉಳಿಯದು. ಆದರೆ ಅದು ಹೂ ಬಿಡುವುದೇ ಹಿಮ ನಿಂತ ಮೇಲೆ.

ರೈತ ಸಸಿಗಳನ್ನು ನೆಟ್ಟು, ಚಳಿ ಶುರುವಾದಾಗ ಒಣಹುಲ್ಲು ಹೊದಿಸಿದ. ಅವನನ್ನು ನೋಡಿ ಪೇಟೆಯ ತಳಿಯನ್ನೇ ನೆಟ್ಟಿದ್ದ ಪಕ್ಕದ ಮನೆಯವರ ಗಿಡಗಳು ಹೂ ಬಿಟ್ಟಾಗ ಇವನ ಗಿಡಗಳಲ್ಲಿ ಬರೀ ಎಲೆ. ಯಾರಾದರೂ ಕೇಳಿದರೆ ಅವನು ಮಾತು ಬದಲಿಸುತ್ತಿದ್ದ. ಬಿಸಿಲು ಬಲಿತ ಮೇಲೆ ಎಲೆಗಳಡಿ ಹಣ್ಣು ಕೆಂಪಾದವು. ತಾಯಿ ಗಿಡಗಳ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಒಂದೊಂದೇ ಕಿತ್ತು ತಿಂದಳು. ನಾಲಿಗೆಗೆ ತಾಗಿದ ಕೂಡಲೇ ಹಣ್ಣು ಕರಗುತ್ತಿತ್ತು. ಅಂದು ಅವಳು ಮಧ್ಯಾಹ್ನದ ಊಟ ಬೇಡವೆಂದಳು.

ರೈತನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಬುಟ್ಟಿ ತುಂಬ ಹಣ್ಣು ಕಿತ್ತು, ಪೇಟೆಯ ನೆಂಟರಿಗೆ ತೋರಿಸಲು ಬಸ್ಸು ಹತ್ತಿದ. ಇಳಿಯುವಾಗ ಬುಟ್ಟಿಯಲ್ಲಿ ರಸ ಮಾತ್ರ ಇತ್ತು. ಉಟ್ಟ ಪಂಚೆಯೂ ಕೆಂಪಾಗಿತ್ತು. ಸಪ್ಪೆ ಮುಖದಲ್ಲಿ ಮನೆಗೆ ಬಂದ ಮಗನನ್ನು ನೋಡಿ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಣ್ಣಿಗೆ ಯಾಕಪ್ಪ ಪ್ರಯಾಣ? ನೆಂಟರಿಗೆ ಕಾಲಿಲ್ಲವೇ?" ಎಂದಳು.

ಮರುವಾರ ನೆಂಟರೇ ಬಂದರು. ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕೈ ಬಾಯಿ ಕೆಂಪು ಮಾಡಿಕೊಂಡು ತಿಂದರು. ತಳಿ ಯಾವುದೆಂದು ಒಬ್ಬರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ತುಸು ಯೋಚಿಸಿ, "ಹಾಗಾದರೆ ಚಿಕ್ಕ ದಾರಿಯೇ ಒಳ್ಳೆಯದೆಂದು ತಿಳಿಯಲೇ?" ಎಂದ.

ಗುರುಗಳು ನಕ್ಕು ಹೇಳಿದರು: "ಮೊದಲು ಇದನ್ನು ಹೇಳು ಸೋಮಲಿಂಗ, ನಿನಗೆ ಹಣ್ಣು ಬೇಕಾಗಿರುವುದು ತಿನ್ನುವುದಕ್ಕೋ, ತೋರಿಸುವುದಕ್ಕೋ?"