ಆರು ಮನೆ ಕಾಯ್ದ ದುಂಡಪ್ಪ

೨೦೨೩ನೇ ಇಸವಿ ಏಪ್ರಿಲ್ ಹನ್ನೊಂದು, ಮಂಗಳವಾರ. ಮೋಡವಿಲ್ಲ, ಗಾಳಿಯಿಲ್ಲ, ರಬಕವಿಯಲ್ಲಿ ಬೆಳಗಿನ ಹತ್ತಕ್ಕೇ ಅಂಗಳದ ಕಲ್ಲು ಕಾಲು ಸುಡುತ್ತಿತ್ತು.

ಕರೆಂಟು ಬರುವವರೆಗೆ ಮಗ್ಗ ಹೇಗೂ ನಿಂತಿರುತ್ತವೆ, ಅಷ್ಟರಲ್ಲಿ ಕತೆ ಮುಗಿಯುತ್ತದೆ. ಕೇಳಿ.

ಆ ಹೊತ್ತಿಗೆ ನೀಲವ್ವ ರಾಟೆಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತುತ್ತ ಮಗನನ್ನು ಬೈಯುತ್ತಿದ್ದಳು. ಮಗನ ಹೆಸರು ದುಂಡಪ್ಪ, ವಯಸ್ಸು ಮೂವತ್ತೊಂದು. ಪವರ್‌ಲೂಮಿನ ಮುಂದೆ ನಿಂತರೆ ಎರಡು ಮಗ್ಗ ನಡೆಸುವ ಕೈ. ಮಗ್ಗ ಬಿಟ್ಟು ಈಚೆ ಬಂದರೆ ಹೇಳಿದ್ದನ್ನು ಹೇಳಿದಂತೆಯೇ ಮಾಡುವ ತಲೆ. "ಬಾಗಿಲಾ ನೋಡ್ಕೋ" ಎಂದು ತಾಯಿ ಸಂತೆಗೆ ಹೋದರೆ, ನಾಯಿ ಹಿತ್ತಲಿನಿಂದ ನುಗ್ಗಿ ರೊಟ್ಟಿ ತಿಂದು ಹೋದರೂ ಇವನು ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ.

ಅವತ್ತಿನ ಬೈಗುಳಕ್ಕೆ ಕಾರಣ ಒಂದು ಆಟ.

ಅದು ಫೋನಿನಲ್ಲಿ ಆಡುವ ಆಟ. ಅದರಲ್ಲಿ ಹೊಲ ಇರುತ್ತದೆ, ಬಾವಿ ಇರುತ್ತದೆ, ಆಡುವ ಒಬ್ಬೊಬ್ಬರಿಗೂ ಒಂದು ಗೊಂಬೆ ಇರುತ್ತದೆ, ಮನೆ ಕಟ್ಟಿಕೊಳ್ಳಬಹುದು. ನಾಲ್ಕು ವರ್ಷದ ಹಿಂದೆ ಒಂದೇ ಶೆಡ್ಡಿನಲ್ಲಿ ನೇಯುತ್ತಿದ್ದ ಆರು ಮಂದಿ ಸೇರಿ ಅಲ್ಲಿ ಆರು ಮನೆಯ ಒಂದು ಓಣಿ ಮಾಡಿಕೊಂಡಿದ್ದರು. ಒಂದು ಮನೆ ದುಂಡಪ್ಪನದು, ಒಂದು ಅವನ ಅಣ್ಣ ಕಲ್ಲಪ್ಪನದು, ನಾಲ್ಕು ಗೆಳೆಯರವು. ಆಮೇಲೆ ಗೆಳೆಯರು ಇಚಲಕರಂಜಿ, ಸೂರತ್ ಅಂತ ಒಬ್ಬೊಬ್ಬರಾಗಿ ಕೆಲಸ ಹುಡುಕಿ ಹೋದರು. ಹೋಗುವಾಗ ಒಬ್ಬೊಬ್ಬನೂ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು, "ನನ್ನ ಮನಿ ನೋಡ್ಕೋಳೋ ದುಂಡ್ಯಾ" ಎಂದು ನಕ್ಕ. ಎರಡು ವರ್ಷದ ಹಿಂದೆ ಕಲ್ಲಪ್ಪ ಜ್ವರದಲ್ಲಿ ತೀರಿಕೊಂಡ. ದವಾಖಾನೆಯ ಮಂಚದ ಮೇಲೆ ಅವನೂ ಚೀಟಿ ಕೊಟ್ಟು ಅದೇ ಮಾತು ಹೇಳಿದ್ದ. ಅವನು ಮಾತ್ರ ನಗಲಿಲ್ಲ.

ದುಂಡಪ್ಪ ನೋಡಿಕೊಂಡ. ದಿನಾ ಒಂದೊಂದಾಗಿ ಆರೂ ಮನೆಗೆ ಹೋಗಿ ಅಂಗಳ ಗುಡಿಸಿ, ಗಿಡಕ್ಕೆ ನೀರು ಹಾಕಿ, ದೀಪ ಹಚ್ಚಿ ಬರುತ್ತಿದ್ದ.

ಈಗ ಆಟದವರು ಹೊಸ ನಿಯಮ ಮಾಡಿದ್ದರು. ಇಪ್ಪತ್ತೆಂಟನೇ ತಾರೀಖು ಸಂಜೆ ಆರಕ್ಕೆ ಓಣಿಯ ಅಷ್ಟೂ ಜನ ಒಟ್ಟಿಗೆ ಬಾವಿಗೆ ಬಂದು ನೀರು ಸೇದಬೇಕು. ಒಬ್ಬರು ಕಡಿಮೆಯಾದರೂ ಆ ಓಣಿ ಪಾಳು; ಮನೆಗಳೆಲ್ಲ ಅಳಿಸಿಹೋಗುತ್ತವೆ.

ದುಂಡಪ್ಪ ಗೆಳೆಯರಿಗೆ ಫೋನು ಹಚ್ಚಿದ. ಒಬ್ಬ "ಯಾವ ಮನಿಯೋ?" ಎಂದ. ಇನ್ನೊಬ್ಬ "ಆ ಹುಚ್ಚು ಇನ್ನೂ ಬಿಟ್ಟಿಲ್ಲೇನು?" ಎಂದ. ಉಳಿದಿಬ್ಬರು ಎತ್ತಲಿಲ್ಲ. ಇವನ ಫೋನಿನಲ್ಲಿ ಒಂದು ಸಲಕ್ಕೆ ಒಬ್ಬನ ಆಟ ಮಾತ್ರ ನಡೆಯುತ್ತಿತ್ತು; ಒಬ್ಬನನ್ನು ಬಾವಿಗೆ ತಂದು ಇನ್ನೊಬ್ಬನನ್ನು ಕರೆಯಲು ಹೋದರೆ ಮೊದಲಿನವನು ಮಾಯ.

"ಅವರ ಮನಿ ಅವರಿಗೇ ನೆನಪಿಲ್ಲ, ನಿನಗ್ಯಾಕೋ ಮಬ್ಬಾ!" ಎಂದಳು ನೀಲವ್ವ.

"ನೋಡ್ಕೋ ಅಂದಾರವ್ವಾ."

"ಅಂದಾರಂತ! ಅಕ್ಕಿ ಇಲ್ಲ, ಬ್ಯಾಳಿ ಇಲ್ಲ, ಅದೆಂಥಾ ಮನಿಯೋ!"

ದುಂಡಪ್ಪ ಫೋನನ್ನು ಅವಳ ಮುಂದೆ ಹಿಡಿದ. "ಇದು ಅಣ್ಣನ ಮನಿ. ಕಟ್ಟೀಮ್ಯಾಲೆ ಕುಂತಾನ ನೋಡು."

ರಾಟೆ ನಿಂತಿತು. ನೀಲವ್ವ ಸೆರಗಿನಿಂದ ಫೋನಿನ ಗಾಜು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಆಮೇಲೆ ಎದ್ದು ಒಳಗೆ ಹೋಗಿ ಜೋಳದ ಡಬ್ಬಿಯಲ್ಲಿ ಕೈ ಹಾಕಿ ದುಡ್ಡಿನ ಒಂದು ಗಂಟು ತಂದಳು.

"ಆರು ಮಂದೀನೂ ಕೂಡೇ ತರೂದಕ್ಕ ಏನ ಬೇಕೋ ದಸ್ತಗೀರನ್ನ ಕೇಳು."

ದಸ್ತಗೀರ್ ಪ್ಯಾಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ನೇಕಾರರ ಊರಲ್ಲೇ ಹುಟ್ಟಿದವನಾದ್ದರಿಂದ ನೇಕಾರರ ಮಾತಿನಲ್ಲೇ ಹೇಳಿದ:

"ಒಂದು ಆಟ ಅಂದ್ರ ಒಂದು ಮಗ್ಗ ಅಂತ ತಿಳ್ಕೋ. ಆರು ಮಗ್ಗ ಕೂಡೇ ನಡೀಬೇಕಂದ್ರ ದೊಡ್ಡ ಶೆಡ್ ಬೇಕು. ಅದು ಮೆಮರಿ. ಒಂದು ಆಟಕ್ಕ ಎರಡು ಜಿಬಿ ಅಂದ್ರ ಆರಕ್ಕ ಹನ್ನೆರಡು, ಯಂತ್ರದ ಸ್ವಂತಕ್ಕ ನಾಲ್ಕು. ಎಂಟೆಂಟು ಜಿಬಿದು ಎರಡು ಪಟ್ಟಿ ತಗೋ. ನೇಯೋರೂ ಆರು ಮಂದಿ ಬೇಕು. ಆರು ಕೋರಿನ ಪ್ರೊಸೆಸರ್ ತಗೋ. ಬಣ್ಣಬಣ್ಣದ ಲೈಟು ಬ್ಯಾಡ, ದುಬಾರಿ ಗ್ರಾಫಿಕ್ ಕಾರ್ಡೂ ಬ್ಯಾಡ. ನಿನ್ನ ಆಟ ಸಣ್ಣದು. ಹಳೇ ಡಬ್ಬಿ, ಹಳೇ ಬೋರ್ಡು ನನ್ನ ಹತ್ರ ಅದಾವು. ಉಳಿದದ್ದು ಜಮಖಂಡಿಯಾಗ ಸೆಕೆಂಡ್‌ಹ್ಯಾಂಡ್ ಸಿಗ್ತದ. ತಾ, ಜೋಡಿಸಿ ಕೊಡ್ತೀನಿ."

ಮರುದಿನ ದುಂಡಪ್ಪ ಜಮಖಂಡಿಗೆ ಹೋದ; ಮೆಮರಿ ಪಟ್ಟಿ ಬರಲು ಹತ್ತು ಹನ್ನೆರಡು ದಿನ ಬೇಕೆಂದರು, ಪ್ರೊಸೆಸರ್ ಮಾತ್ರ ಕೊಂಡ. ಬಿಸ್ಕೀಟಿನಷ್ಟು ದೊಡ್ಡದು, ಕೆಳಗೆ ಕೂದಲಿನಂಥ ನೂರಾರು ಮುಳ್ಳು. "ಹುಷಾರಾಗಿ ಇಟ್ಕೋ" ಎಂದ ಅಂಗಡಿಯವನು. ದುಂಡಪ್ಪ ಹುಷಾರಾಗಿ ಇಡುವ ಜಾಗ ಒಂದೇ, ಸೊಂಟದ ಎಲೆಯಡಿಕೆ ಚೀಲ. ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತು, ಅದರ ಜೊತೆ ಇದು. ಬಸ್ಸು ಕುಲುಕಿತು, ಚೀಲ ಕುಲುಕಿತು. ಊರು ಮುಟ್ಟಿದಾಗ ಮುಳ್ಳೆಲ್ಲ ಗಾಳಿಗೆ ಮಲಗಿದ ಜೋಳದ ಬೆಳೆಯ ಹಾಗೆ ಮಲಗಿದ್ದವು.

ದಸ್ತಗೀರ್ ಹಣೆ ಚಚ್ಚಿಕೊಂಡ. ಭೂತಗನ್ನಡಿ ಹಿಡಿದು, ಸೂಜಿಯಿಂದ ಒಂದೊಂದೇ ಮುಳ್ಳು ಎತ್ತಿ ನಿಲ್ಲಿಸುವುದಕ್ಕೆ ಎರಡು ದಿನ ಹಿಡಿಯಿತು.

"ಖೋಡಿ! ಅಡಕತ್ತಿನ ಕೂಡ ಯಾರರೆ ಇಡ್ತಾರೇನು!" ಎಂದಳು ನೀಲವ್ವ. "ಇಂಥಾದ್ದನ್ನ ಹತ್ತೀ ಅಳ್ಳಿಯಾಗ ಸುತ್ತಿ, ಗಾಳಿ ತಾಗದಾಂಗ, ಹಸುಗೂಸಿನಾಂಗ ಎದಿಗೆ ಅವಚ್ಕೋಬೇಕಪ್ಪಾ!"

"ಆಗಲಿ ಯವ್ವಾ. ಮುಂದಿನ ಸಲ ಹಂಗ ಮಾಡ್ತೀನಿ."

ದಸ್ತಗೀರ್ ತನ್ನ ಹತ್ತಿರವಿದ್ದ ಒಂದು ಚಿಕ್ಕ ಮೆಮರಿ ಪಟ್ಟಿ ಹಾಕಿ ಯಂತ್ರ ಜೋಡಿಸಿದ. "ಮನೀಗೆ ಒಯ್ದು ಒಂದು ಆಟ ನಡಿಸಿ ನೋಡು. ದೊಡ್ಡ ಪಟ್ಟಿ ಬಂದ ಮ್ಯಾಲೆ ಆರೂ ನಡೀತಾವು."

ದುಂಡಪ್ಪ ಒಯ್ದ. ಗುಂಡಿ ಒತ್ತಿದ. ಡಬ್ಬಿಯೊಳಗಿನ ಫ್ಯಾನು ತಿರುಗಿತು. ಅಯ್ಯೋ, ಗಾಳಿ! ಕೂಡಲೇ ಅಳ್ಳಿ ತಂದು ಡಬ್ಬಿಯ ಸಂದುಗಳಿಗೆಲ್ಲ ತುರುಕಿದ. ಅದರ ಮೇಲೆ ಕೌದಿ ಹೊದಿಸಿದ. ಎದೆಗೆ ಅವಚಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಎದೆ ಬೆಚ್ಚಗಾಯಿತು, ಆಮೇಲೆ ಸುಟ್ಟಿತು, ಆಮೇಲೆ ಯಂತ್ರವೇ ಬಂದಾಯಿತು.

ದಸ್ತಗೀರ್ ಓಡಿ ಬಂದು ಕೌದಿ ಕಿತ್ತ. "ಪುಣ್ಯಾಕ್ಕ ತಾನಾಗೇ ಬಂದ್ ಆಗೇತಿ, ಸುಟ್ಟಿಲ್ಲ! ಏನ ಮಾರಾಯಾ, ಇದಕ್ಕೇನು ಚಳಿಜ್ವರ ಬಂದಿತ್ತೇನು?"

"ಯವ್ವ ಹೇಳಿದ್ಲು, ಗಾಳಿ ತಾಗಬಾರದಂತ."

"ಅದು ತರುವಾಗೋ ನನ್ನಪ್ಪಾ!" ನೀಲವ್ವ ಕೈ ಮುಗಿದಳು. "ಬಿಸಿ ಆಗಗೊಡಬಾರದು. ತಂಪಿಟ್ಕೋಬೇಕು, ತಂಪು! ಬ್ಯಾಸಗ್ಯಾಗ ಕಂಡಿಕಿ ಹ್ಯಾಂಗ ಇಟ್ಕೋತೀವಿ ನಾವು? ಅಷ್ಟೂ ತಿಳಿಯಂಗಿಲ್ಲೇನು?"

"ಆಗಲಿ ಯವ್ವಾ. ಮುಂದಿನ ಸಲ ಹಂಗ ಮಾಡ್ತೀನಿ."

ಬೇಸಿಗೆಯಲ್ಲಿ ಕಂಡಿಕೆ ಹೇಗಿಡುತ್ತಾರೆ ಎಂದು ನಿಮಗೆ ಗೊತ್ತು. ಒಣಗಿದರೆ ನೂಲು ಹರಿಯುತ್ತದೆ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ದುಂಡಪ್ಪನಿಗೂ ಗೊತ್ತು. ಇಪ್ಪತ್ತನಾಲ್ಕಕ್ಕೆ ಮೆಮರಿ ಪಟ್ಟಿ ತರಲು ಹೊರಟವನು ಪಕ್ಕದ ಮನೆಯ ಕಸ್ತೂರೆವ್ವನ ತಾಮ್ರದ ಚರಿಗೆ ಇಸಿದುಕೊಂಡು, ನೀರು ತುಂಬಿಸಿಕೊಂಡು ಹೋದ. ಅಂಗಡಿಯಲ್ಲಿ ಎರಡು ಪಟ್ಟಿ ಕೊಂಡ, ಧೋತರದ ತುಂಡು ನೀರಲ್ಲಿ ಅದ್ದಿದ, ಪಟ್ಟಿಗಳನ್ನು ಅದರಲ್ಲಿ ಸುತ್ತಿದ. ದುಡ್ಡು ಎಣಿಸುವಾಗ ಇನ್ನೂರು ರೂಪಾಯಿ ಕಡಿಮೆ ಬಿತ್ತು. ಅಂಗಡಿಯವನು ನಗುತ್ತ, "ಚರಿಗಿ ಬಿಟ್ಟು ಹೋಗಪಾ ಹಂಗಾರ" ಎಂದ. ದುಂಡಪ್ಪ ಬಿಟ್ಟು ಬಂದ.

ಬಸ್ಸಿನಲ್ಲಿ ಬಟ್ಟೆ ಒಣಗಿದಾಗೆಲ್ಲ ಪಕ್ಕದವರ ಬಾಟಲಿ ಕೇಳಿ ನೀರು ಚಿಮುಕಿಸಿದನಂತೆ.

ದಸ್ತಗೀರ್ ಗಂಟು ಬಿಚ್ಚಿದ. ನೀರು ತೊಟ್ಟಿಕ್ಕಿತು. ಈ ಸಲ ಅವನು ಬೈಯಲಿಲ್ಲ, ಕುರ್ಚಿಯಲ್ಲಿ ಕೂತುಬಿಟ್ಟ. ಒದ್ದೆ ಬಟ್ಟೆ ಹಿಂಡುತ್ತ ಕೇಳಿದ: "ಇವತ್ತು ಎಷ್ಟನೇ ತಾರೀಖೋ?"

"ಇಪ್ಪತ್ತನಾಲ್ಕು, ಕಾಕಾ."

"ಒಣಗಿದ್ರ ಒಣಗ್ತಾವು. ಇಲ್ಲಂದ್ರ ಓಣಿ ಹೋತು ಅಂತ ತಿಳ್ಕೋ."

ಪಟ್ಟಿಗಳನ್ನು ಒರೆಸಿ ನೆರಳಲ್ಲಿ ಗಾಳಿಗೆ ಇಟ್ಟ. ಇತ್ತ ಕಸ್ತೂರೆವ್ವ ಬಾಗಿಲಿಗೆ ಬಂದು ನಿಂತಳು. "ನೀಲವ್ವಾ, ನನ್ನ ತವರಿನ ಚರಿಗಿ! ಎಲ್ಲಿ ಮಾರಿ ಬಂದಾನ ನಿನ್ನ ರಾಜಕುಮಾರ?"

ನೀಲವ್ವ ಬಸ್ಸು ಹತ್ತಿ ಹೋಗಿ ಇನ್ನೂರು ಕೊಟ್ಟು ಚರಿಗೆ ಬಿಡಿಸಿಕೊಂಡು ಬಂದಳು. ಬಂದವಳೇ ಮಗನ ಮುಂದೆ ಕೂತಳು. ಕೂಗಾಡಲಿಲ್ಲ.

"ದುಂಡಪ್ಪಾ, ಇಲ್ಲಿ ಕೇಳು. ನೀರು ತಾಗಸಬ್ಯಾಡ, ಒಣಾ ಇಡು. ಅದು ಒಂದು. ಇನ್ನೊಂದು, ಮಂದೀ ಬದುಕು-ಸಾಮಾನು ಎಂದೂ ಕೊಡಬ್ಯಾಡ. ಕೊಡೂದಿದ್ರ ನಿಂದು ಕೊಡು. ತಿಳೀತೇನು? ನಿಂದು."

"ಆಗಲಿ ಯವ್ವಾ. ಮುಂದಿನ ಸಲ ಹಂಗ ಮಾಡ್ತೀನಿ."

ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ನೀಲವ್ವ ದಿನಕ್ಕೆ ಮೂರು ಸಲ ದಸ್ತಗೀರನ ಅಂಗಡಿಗೆ ಹೋಗಿ ಬಂದಳು. ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಪಟ್ಟಿಗಳ ಕಡೆ ನೋಡಿ ಬರುತ್ತಿದ್ದಳು, ರೋಗಿಯನ್ನು ನೋಡಿ ಬರುವವರ ಹಾಗೆ.

ಇಪ್ಪತ್ತೆಂಟಕ್ಕೆ ಸಂಜೆ ಐದಕ್ಕೆ ದಸ್ತಗೀರ್ ತಾನೇ ಬಂದು ಪಟ್ಟಿ ಹಾಕಿದ. ದುಂಡಪ್ಪನ ಕೈಗೆ ಕೊಡಲಿಲ್ಲ. "ಬಿಸ್ಮಿಲ್ಲಾ" ಎಂದು ಗುಂಡಿ ಒತ್ತಿದ. ಯಂತ್ರ ಹದಿನಾರು ಜಿಬಿ ತೋರಿಸಿತು.

"ಬದುಕ್ಯಾವೋ!"

ಪರದೆಯ ಮೇಲೆ ಆರು ಕಿಟಕಿ ತೆರೆದವು. ಒಂದರಿಂದ ಒಂದಕ್ಕೆ ದುಂಡಪ್ಪನ ಕೈ ಮಗ್ಗದಿಂದ ಮಗ್ಗಕ್ಕೆ ಹೋದ ಹಾಗೆ ಹೋಯಿತು. ಅಲ್ಲಿ ಅವನು ಪೆದ್ದನಾಗಿರಲಿಲ್ಲ. ಒಬ್ಬ ಬಂದ, ಇಬ್ಬರು ಬಂದರು, ಐದು ಮಂದಿ ಬಾವಿಯ ಸುತ್ತ ನಿಂತರು. ಆರಕ್ಕೆ ಎರಡು ನಿಮಿಷವಿದ್ದಾಗ ಕಟ್ಟೆಯ ಮೇಲಿನವನು ಎದ್ದು ನಡೆದು ಬಂದ.

"ನೀಲಿ ಅಂಗಿ ಹಾಕ್ಕೊಂಡವನೇನು?" ನೀಲವ್ವ ಕೇಳಿದಳು.

"ಹೂಂ, ಅವನೇ ಅಣ್ಣ."

ಅವಳು ಪರದೆಯ ಹತ್ತಿರ ಮುಖ ತಂದಳು. "ಸೊರಗ್ಯಾನಲ್ಲೋ."

"ಆಟದಾಗ ಎಲ್ಲಾರೂ ಹಂಗೇ ಇರ್ತಾರವ್ವಾ."

ಆರು ಹಗ್ಗ ಒಟ್ಟಿಗೆ ಇಳಿದವು, ಆರು ಕೊಡ ಒಟ್ಟಿಗೆ ಮೇಲೆ ಬಂದವು. ಆರೂ ಮನೆಯ ದೀಪ ತಾವಾಗೇ ಹೊತ್ತಿಕೊಂಡವು. ಓಣಿ ಉಳಿಯಿತು.

ನೀಲವ್ವ ದಸ್ತಗೀರನ ಮುಂದೆ ಚಹಾ ಇಟ್ಟು, "ನಿನ್ನ ಕೂಲಿ ಎಷ್ಟಪ್ಪಾ?" ಎಂದಳು.

ಅವನು ಆ ಗಂಟು ಬರಿದಾದದ್ದನ್ನು ಕಂಡಿದ್ದ. ನಕ್ಕು ಎದ್ದು, "ಕೂಲಿ ಬ್ಯಾಡ ಬಿಡಬೇ. ಆರು ಮನಿ ಅದಾವಲ್ಲ, ಒಂದು ನನಗ ಕೊಡ್ಲಿ ನಿನ್ನ ಮಗ!" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ದುಂಡಪ್ಪ ನಗಲಿಲ್ಲ. ಮರುದಿನ ಬೆಳಗಾಗುತ್ತಲೇ ಪಾಸ್‌ವರ್ಡ್ ಬರೆದ ಒಂದು ಚೀಟಿಯನ್ನು ಅಳ್ಳಿಯಲ್ಲಿ ಸುತ್ತಿದ. ಬಿಸಿಲು ಬೀಳದಂತೆ ಗೋಡೆಯ ನೆರಳಲ್ಲಿ ನಡೆದ. ದಾರಿಯಲ್ಲಿ ನಲ್ಲಿ ಒಡೆದು ನೀರು ಚಿಮ್ಮುತ್ತಿತ್ತು. ಬೇರೆ ಬೀದಿ ಬಳಸಿಕೊಂಡು ಹೋದ. ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು ಹೋಗಿ ಕೊಟ್ಟು ಬಂದ. ತಾಯಿ ಹೇಳಿದ್ದ ಒಂದೊಂದು ಮಾತೂ ಆ ಒಂದು ದಿನ ಒಟ್ಟಿಗೆ ಅವನ ನೆನಪಿನಲ್ಲಿತ್ತು.

"ಎಲ್ಲಿ ಹೋಗಿದ್ಯೋ?"

"ಕಾಕಾಗ ಕೂಲಿ ಕೊಟ್ಟು ಬಂದೆ."

ಇಲ್ಲಿಗೆ ಬಂದಾಗ ಕೇಳುವವರು ಯಾವಾಗಲೂ ಬಾಯಿ ಹಾಕುತ್ತಾರೆ: ಗೆಳೆಯರದು ಹೇಗೂ ಬೇಡಾದ ಮನೆ, ಅವರಿಗೆ ನೆನಪೂ ಇಲ್ಲ, ಅದರಲ್ಲೊಂದು ಕೊಟ್ಟಿರುತ್ತಾನೆ, ಅಲ್ಲವೆ?

ನೀಲವ್ವನೂ ಹಾಗೇ ಕೇಳಿದಳು. "ಯಾರದ್ದು ಕೊಟ್ಟಿ?" ಆಮೇಲೆ ದನಿ ಇಳಿಸಿ, "ಅಣ್ಣಂದು ಕೊಡಲಿಲ್ಲ ಹೌದಲ್ಲೋ?" ಎಂದಳು.

"ಅವು ಐದೂ ಮನಿ ಮಂದೀವು, ನೋಡ್ಕೋ ಅಂದಾರ. ಹ್ಯಾಂಗ ಕೊಡ್ಲಿ?" ಎಂದ ದುಂಡಪ್ಪ. "ನಂದು ಅಂತ ಇದ್ದದ್ದು ಒಂದಽ ಮನಿ. ಅದನ್ನ ಕೊಟ್ಟೆ."